ಸ್ಪೇಸ್‌ಶಿಪ್‌ನಲ್ಲಿ ಉಪ್ಪಿನ ಡಬ್ಬಿ: ಸೈ-ಫೈ ಸೀರಿಯಲ್‌ಗಳ ಪ್ರಾಪ್ ನಿಜವಾಗ್ಲೂ ಏನು ಅಂತ ಪತ್ತೆ ಹಚ್ಚೋದು ಹೇಗೆ

ಹಳೇ ಸ್ಟಾರ್ ಟ್ರೆಕ್‌ನಲ್ಲಿ ಡಾಕ್ಟರ್ ಮೆಕಾಯ್ ಪೇಷಂಟ್ ಮೈಮೇಲೆ ಏನೋ ಪಳಪಳ ಅನ್ನೋ ಸಣ್ಣ ಮಿಷಿನ್ ಆಡಿಸಿ ರೋಗ ಕಂಡುಹಿಡೀತಾನಲ್ಲ, ಅವುಗಳಲ್ಲಿ ಕೆಲವು ಉಪ್ಪಿನ ಶೇಕರ್. ತಮಾಷೆ ಅಲ್ಲ. 1966ರ ಸೆಪ್ಟೆಂಬರ್ 8ಕ್ಕೆ ಅಮೆರಿಕದಲ್ಲಿ ಟೆಲಿಕಾಸ್ಟ್ ಆದ ಮೊದಲ ಎಪಿಸೋಡ್‌ನ ಕಥೆನೇ ಉಪ್ಪಿಗೋಸ್ಕರ ಮನುಷ್ಯರನ್ನ ಸಾಯಿಸೋ ಒಂದು ಜೀವಿದು, ಹಾಗಾಗಿ ಸೀನಲ್ಲಿ ಉಪ್ಪಿನ ಶೇಕರ್ ಬೇಕಾಯ್ತು, ಪ್ರಾಪ್, ಅಂದ್ರೆ ನಟರ ಕೈಗೆ ಕೊಡೋ, ಸೆಟ್ಟಲ್ಲಿ ಇಡೋ ಸಾಮಾನು, ಅದನ್ನ ನೋಡ್ಕೊಳ್ಳೋ ಡಿಪಾರ್ಟ್‌ಮೆಂಟ್‌ನೋರು ಇಪ್ಪತ್ತಮೂರನೇ ಶತಮಾನದ್ದು ಅನ್ನಿಸ್ಲಿ ಅಂತ ಸ್ಕ್ಯಾಂಡಿನೇವಿಯಾ ಸ್ಟೈಲಿನ ಫ್ಯಾನ್ಸಿ ಶೇಕರ್‌ಗಳನ್ನ ಹುಡುಕಿ ತಂದ್ರು, ತಂದ್ಮೇಲೆ ನೋಡಿದ್ರೆ ಅವು ಎಷ್ಟು ಫ್ಯಾನ್ಸಿ ಅಂದ್ರೆ ಟಿವಿ ಮುಂದೆ ಕೂತಿರೋ ಯಾರಿಗೂ ಅದು ಉಪ್ಪಿನ ಶೇಕರ್ ಅಂತ ಗೊತ್ತಾಗೋದೇ ಇಲ್ಲ. ಸರಿ, ಸೀನಿಗೆ ಎಲ್ಲರಿಗೂ ಗುರ್ತು ಸಿಗೋ ಥರದ ಮಾಮೂಲಿ ಶೇಕರ್ ಇಟ್ರು, ಆ ಫ್ಯಾನ್ಸಿ ಪೀಸ್‌ಗಳು ಡಾಕ್ಟರ್ ಕೈಗೆ ಹೋದ್ವು.

ಈ ಆಟದ ಕೀಲಿ ಇರೋದು ಇಲ್ಲೇ. ಪ್ರಾಪ್ ಮಾಡೋರು ಸುಮ್ಮನೆ ಕೈಗೆ ಸಿಕ್ಕಿದ್ದನ್ನ ಎತ್ಕೊಳ್ಳಲ್ಲ, ಅಂಗಡೀಲಿ ಸಿಗಬೇಕು ಆದ್ರೆ ನೋಡೋರ ಮನೇಲಿ ಇನ್ನೂ ಇರಬಾರದು ಅಂಥದ್ದನ್ನ ಹುಡುಕ್ತಾರೆ. ಆವತ್ತು ಹೊಸದಾಗಿ ಬಂದಿದ್ದು, ಇಂಪೋರ್ಟ್ ಆಗಿದ್ದು, ಯಾವುದೋ ಫ್ಯಾಕ್ಟರಿಗಷ್ಟೇ ಗೊತ್ತಿದ್ದ ಪಾರ್ಟು. ಆಮೇಲೆ ಅದೇ ವಸ್ತು ಮನೆಮನೆಗೂ ಬಂದ್ಬಿಡುತ್ತೆ, ಆಗ ಇಡೀ ಸೀನ್ ಕಾಮಿಡಿ ಆಗುತ್ತೆ, ಇಲ್ಲಾ ಪೂರ್ತಿ ಮರ್ತೇಹೋಗುತ್ತೆ, ಆಗ ಅದು ಏನು ಅಂತ ಯಾರಿಗೂ ಗೊತ್ತಾಗಲ್ಲ. ಅದಕ್ಕೆ "ಇದೇನಿದು" ಅಂತ ಕೇಳೋಕಿಂತ ಮುಂಚೆ "ಈ ಸೀರಿಯಲ್ ಶೂಟ್ ಆದ ವರ್ಷ ಆ ಸ್ಟುಡಿಯೋ ಪಕ್ಕದ ಅಂಗಡೀಲಿ ಏನೇನು ಸಿಗ್ತಿತ್ತು" ಅಂತ ಕೇಳಿ. 1949ರಲ್ಲಿ ಶುರುವಾದ ಕ್ಯಾಪ್ಟನ್ ವಿಡಿಯೋ ಅನ್ನೋ ಅಮೆರಿಕದ ಸೀರಿಯಲ್ ಇತ್ತು, ಲೈವ್ ಹೋಗ್ತಿತ್ತು, ಪ್ರಾಪ್ ಬಜೆಟ್ ವಾರಕ್ಕೆ 25 ಡಾಲರ್. ಸ್ಟುಡಿಯೋ ಇದ್ದಿದ್ದು ನ್ಯೂಯಾರ್ಕಿನ ವಾನಮೇಕರ್ಸ್ ಅನ್ನೋ ಡಿಪಾರ್ಟ್‌ಮೆಂಟ್ ಸ್ಟೋರ್ ಬಿಲ್ಡಿಂಗಲ್ಲೇ. ಟೆಲಿಕಾಸ್ಟ್‌ಗೆ ಇನ್ನೇನು ಕೆಲವು ನಿಮಿಷ ಇದೆ ಅನ್ನುವಾಗ ಕೆಳಗಿಳಿದು ಹೋಗಿ ಅಂಗಡಿಯಿಂದ ಸಾಮಾನು ತಂದು ಅದನ್ನೇ ಅಂತರಿಕ್ಷದ ಯಂತ್ರ ಅಂತ ತೋರಿಸಿಬಿಡೋರು. ಇಂಥ ಸೀರಿಯಲ್‌ನ ಪ್ರಾಪ್ ಹುಡುಕೋಕೆ ಆ ಕಾಲದ ಡಿಪಾರ್ಟ್‌ಮೆಂಟ್ ಸ್ಟೋರ್ ಕ್ಯಾಟಲಾಗ್‌ಗಿಂತ ಒಳ್ಳೇ ದಾರಿ ಇನ್ನೊಂದಿಲ್ಲ.

ಈಗ ಕೆಲಸಕ್ಕೆ ಬರೋಣ. ಮೊದಲು ಒಳ್ಳೇ ಪ್ರಿಂಟ್ ಹಿಡೀರಿ. ಹಳೇ ಸ್ಟಾರ್ ಟ್ರೆಕ್ ಶೂಟ್ ಆಗಿರೋದು 35 ಎಂಎಂ ಫಿಲ್ಮಲ್ಲಿ, ಹಾಗಾಗಿ ರೀಮಾಸ್ಟರ್ ಮಾಡಿದ ಎಚ್‌ಡಿ ಕಾಪೀಲಿ ಸ್ಕ್ರೂ ತಲೆ ಕೂಡ ಕಾಣುತ್ತೆ, ಆಗಿನ ಕಾಲದ ಸಣ್ಣ ಟಿವೀಲಿ ಕಾಣಲ್ಲ ಅನ್ನೋ ಧೈರ್ಯದ ಮೇಲೆ ಮಾಡಿದ್ದೆಲ್ಲ ಈಗ ಬಟಾಬಯಲು. ಎಪ್ಪತ್ತರ ದಶಕದ ಬಿಬಿಸಿ ಸೀರಿಯಲ್‌ಗಳ ಸ್ಟುಡಿಯೋ ಸೀನ್‌ಗಳು ವಿಡಿಯೋಟೇಪು, ಅದನ್ನ ಎಷ್ಟು ಜೂಮ್ ಮಾಡಿದ್ರೂ ಒಂದು ಮಟ್ಟಕ್ಕಿಂತ ಜಾಸ್ತಿ ಸಿಗಲ್ಲ, ಆದ್ರೆ ಅಲ್ಲಿ ಲೈಟಿಂಗ್ ಧಾರಾಳ, ಮೂಲೆ ಮೂಲೆನೂ ಬೆಳಕು, ಹಾಗಾಗಿ ಆಕಾರ ಚೆನ್ನಾಗಿ ಸಿಗುತ್ತೆ. ಹೊಸಬರು ಅಲ್ಲಿಂದ ಶುರು ಮಾಡೋದು ವಾಸಿ ಅಂತ ನನ್ನ ಅಭಿಪ್ರಾಯ. ಯೂಟ್ಯೂಬ್‌ನಲ್ಲಿರೋ ಹತ್ತು ಸಲ ಕಂಪ್ರೆಸ್ ಆದ ಕ್ಲಿಪ್ ಇಟ್ಕೊಂಡು ಪತ್ತೇದಾರಿ ಮಾಡೋಕೆ ಹೋಗ್ಬೇಡಿ, ಬರೀ ಚೌಕ ಚೌಕ ಕಾಣುತ್ತೆ.

ಆಮೇಲೆ ಸೌಂಡ್ ಮ್ಯೂಟ್ ಮಾಡಿ. ಇದು ಕೇಳೋಕೆ ಸಿಲ್ಲಿ ಅನ್ಸುತ್ತೆ ಆದ್ರೆ ಅರ್ಧ ಕೆಲಸ ಇಲ್ಲೇ ಆಗೋದು, ಯಾಕಂದ್ರೆ ಪಾತ್ರಧಾರಿ ಅದನ್ನ "ಸ್ಕ್ಯಾನರ್" ಅಂದ್ಬಿಟ್ರೆ, ಹಿನ್ನೆಲೇಲಿ ಟುಂಯ್ ಟುಂಯ್ ಅಂತ ಸೌಂಡ್ ಬಂದ್ರೆ ನಮ್ಮ ತಲೆ ಸ್ಕ್ಯಾನರನ್ನೇ ನೋಡುತ್ತೆ. ಡಾಕ್ಟರ್ ಹೂ ಅನ್ನೋ ಬಿಬಿಸಿ ಸೀರಿಯಲ್‌ನ ಡಾಲೆಕ್ ತಗೊಳ್ಳಿ, ಲೋಹದ ಕವಚದೊಳಗಿರೋ ವಿಲನ್ ಜೀವಿ. 1963ರ ಡಿಸೆಂಬರ್ 21ರ ಎಪಿಸೋಡ್ ಮುಗಿಯೋ ಹೊತ್ತಿಗೆ ಬಾರ್ಬರಾ ಅನ್ನೋ ಟೀಚರ್ ಗೋಡೆಗೆ ಒತ್ಕೊಂಡು ಕಿರುಚ್ತಾಳೆ, ಡಾಲೆಕ್‌ನ ಮೈ ತೋರಿಸೋದೇ ಇಲ್ಲ, ಕ್ಯಾಮೆರಾನೇ ಡಾಲೆಕ್‌ನ ಕಣ್ಣಾಗಿ ಅವಳ ಹತ್ರ ಹೋಗುತ್ತೆ, ಫ್ರೇಮಲ್ಲಿ ಕಾಣೋದು ಅದರ ಕೈ ಒಂದೇ. ಬ್ರಿಟನ್ ಪೂರ್ತಿ ಒಂದು ವಾರ ಹೆದರಿ ಕೂತ ಆ ಕೈ ಏನು ಗೊತ್ತಾ? ಸಿಂಕ್ ಕಟ್ಕೊಂಡ್ರೆ ಒತ್ತೋ ರಬ್ಬರ್ ಪ್ಲಂಜರ್. ಮ್ಯೂಟ್ ಮಾಡಿ, ಅವಳ ಮುಖ ಬಿಟ್ಟು ಫ್ರೇಮ್ ಅಂಚಿನ ಕಪ್ಪು ಬಟ್ಟಲನ್ನಷ್ಟೇ ನೋಡಿ, ಮತ್ತೆ ಯಾವತ್ತೂ ಹೆದರಿಕೆ ಆಗಲ್ಲ. ಡಿಸೈನ್ ಮಾಡಿದ್ದು ರೇಮಂಡ್ ಕ್ಯೂಸಿಕ್, ಬಿಬಿಸಿ ಸಂಬಳದ ನೌಕರ, ದುಡ್ಡು ಇಲ್ದಿದ್ದಕ್ಕೆ ಕೈಗೆ ಪ್ಲಂಜರ್ ಬಂತು. ಡಾಲೆಕ್ ಹೇಗೆ ಓಡಾಡುತ್ತೆ ಅಂತ ವಿವರಿಸೋಕೆ ಅವರು ಊಟದ ಟೇಬಲ್ ಮೇಲಿದ್ದ ಕಾಳುಮೆಣಸಿನ ಪುಡಿ ಡಬ್ಬೀನ ಜಾರಿಸಿ ತೋರಿಸಿದ್ರಂತೆ, ಅದಕ್ಕೇ ಡಾಲೆಕ್ ಅನ್ನೋದು ಪೆಪ್ಪರ್ ಪಾಟ್ ನೋಡಿ ಮಾಡಿದ್ದು ಅನ್ನೋ ಕಥೆ ಹಬ್ಬಿ ಅದು ಇವತ್ತಿಗೂ ನಿಂತಿಲ್ಲ.

ಮ್ಯೂಟ್ ಆದ್ಮೇಲೆ ನೋಡ್ಬೇಕಾಗಿರೋದು ಕೈ. ನಟನ ಬೆರಳು ವಸ್ತು ಮೇಲೆ ಎಲ್ಲಿ ಕೂತಿದೆ ನೋಡಿ. ಮನೆ ಸಾಮಾನು ಮಾಡೋ ಕಂಪನಿಯೋರು ಹಿಡಿಯೋಕೆ ಅನುಕೂಲ ಆಗ್ಲಿ ಅಂತ ಎಲ್ಲೋ ಒಂದ್ಕಡೆ ಸೊಂಟ ಸಣ್ಣ ಮಾಡಿರ್ತಾರೆ, ಗೀರು ಹಾಕಿರ್ತಾರೆ, ನಟ ಅದನ್ನ ಬೇಕಂತ ತಲೆಕೆಳಗಾಗಿ ಹಿಡ್ಕೊಂಡಿರ್ತಾನೆ. ಹಾಗಾಗಿ ಸ್ಕ್ರೀನ್‌ಶಾಟ್ ತೆಗೆದು ಒಂದ್ಸಲ ತಿರುಗಿಸಿ ನೋಡೋದನ್ನ ಅಭ್ಯಾಸ ಮಾಡ್ಕೊಳ್ಳಿ. ಆಮೇಲೆ ತೂತು. ತುದೀಲಿ ಸಣ್ಣ ಸಣ್ಣ ತೂತು ಗುಂಪಾಗಿದ್ರೆ ಏನೋ ಉದುರ್ಬೇಕು ಇಲ್ಲಾ ಸೌಂಡ್ ಬರ್ಬೇಕು ಇಲ್ಲಾ ನೀರು ಬರ್ಬೇಕು, ಮೂರೇ. ತಳ ಚಪ್ಪಟೆ ಇದ್ರೆ ಅದು ಎಲ್ಲೋ ಟೇಬಲ್ ಮೇಲೆ ನಿಲ್ಲೋ ಸಾಮಾನು. ಕೈಯಲ್ಲೇ ಹಿಡ್ಕೊಂಡು ಓಡಾಡೋ ಯಂತ್ರಕ್ಕೆ ನೀಟಾಗಿ ನಿಲ್ಲೋ ತಳ ಯಾಕೆ ಬೇಕು ಹೇಳಿ? ಪ್ಲಾಸ್ಟಿಕ್ ಆದ್ರೆ ಎರಡು ಅಚ್ಚು ಸೇರೋ ಗೆರೆ ಇರುತ್ತೆ, ಲೋಹ ಆದ್ರೆ ಮರೆ ಹಾಕಿರೋ ತಿರುಪು ಇರುತ್ತೆ, ಕಂಪನಿ ಹೆಸರಿದ್ದ ಜಾಗದಲ್ಲಿ ಅನುಮಾನ ಬರೋ ಹಾಗೆ ಒಂದು ಸ್ಟಿಕ್ಕರ್ ಅಂಟಿಸಿರ್ತಾರೆ. ಯಾವ ಕಾರಣನೂ ಇಲ್ದೆ ಒಂದು ಪಟ್ಟಿ ಅಂಟಿದ್ರೆ ಅದರ ಕೆಳಗೆ ಬ್ರಾಂಡ್ ಹೆಸರಿದೆ ಅಂತ ತಿಳ್ಕೊಳ್ಳಿ, ಹೆಚ್ಚೂ ಕಮ್ಮಿ ಸರಿಯಾಗುತ್ತೆ.

ಬೆಳ್ಳಿ ಬಣ್ಣ. ಅಯ್ಯೋ ಈ ಬೆಳ್ಳಿ ಬಣ್ಣ! ಮಾಮೂಲಿ ಸಾಮಾನಿಗೆ ಅಲ್ಯೂಮಿನಿಯಂ ಕಲರ್ ಸ್ಪ್ರೇ ಹೊಡೆದ್ರೆ ಐವತ್ತು ಪರ್ಸೆಂಟ್ ಫ್ಯೂಚರ್ ಬಂದ್ಬಿಡುತ್ತೆ ಅನ್ನೋದು ಎಲ್ಲಾ ದೇಶದ ಪ್ರಾಪ್‌ನೋರ ನಂಬಿಕೆ. ಬಣ್ಣ ಕಣ್ಣಿಗೆ ಮೋಸ ಮಾಡುತ್ತೆ, ಮೈಯ ಉಬ್ಬುತಗ್ಗು ಮಾಡಲ್ಲ, ಅದಕ್ಕೆ ಸ್ಕ್ರೀನ್‌ಶಾಟನ್ನ ಬ್ಲ್ಯಾಕ್ ಅಂಡ್ ವೈಟ್ ಮಾಡಿ ಕಾಂಟ್ರಾಸ್ಟ್ ಏರಿಸಿ ನೋಡಿ. ಡಾಕ್ಟರ್ ಹೂನಲ್ಲೇ 1967ರ ಸೈಬರ್‌ಮನ್ ಅನ್ನೋ ಅರ್ಧ ಯಂತ್ರದ ವಿಲನ್‌ಗಳ ಕೈಕಾಲಿನ ಗಂಟಲ್ಲಿ ದುಂಡನೆ ತೂತು ತೂತಿನ ಉಂಡೆಗಳಿವೆ, ಏನೋ ದೊಡ್ಡ ಮೆಕ್ಯಾನಿಕಲ್ ಜಾಯಿಂಟ್ ಅನ್ಸುತ್ತೆ, ಅವು ಗಾಲ್ಫ್ ಪ್ರಾಕ್ಟೀಸ್‌ಗೆ ಬಳಸೋ ಟೊಳ್ಳು ಪ್ಲಾಸ್ಟಿಕ್ ಬಾಲು. 1982ರಲ್ಲಿ ಬಂದ ಸೈಬರ್‌ಮನ್ ವೇಷ ಇನ್ನೊಂದು ಥರ, ಅದರ ಮೈಮೇಲೆ ಟ್ಯೂಬು ಹೊಲಿಗೆ ಎಲ್ಲ ಕಾಣುತ್ತೆ, ಫೈಟರ್ ಪೈಲಟ್‌ಗಳು ಹಾಕ್ಕೊಳ್ಳೋ ಜಿ-ಸೂಟಿಗೆ ಬೆಳ್ಳಿ ಬಣ್ಣ.

ಬಣ್ಣ ಬಳಿದ ಸಾಮಾನುಗಳಲ್ಲಿ ನನಗೆ ತುಂಬಾ ಇಷ್ಟ ಅಂದ್ರೆ 1975ರ "ದಿ ಆರ್ಕ್ ಇನ್ ಸ್ಪೇಸ್" ಕಥೇದು. ಅದೂ ಡಾಕ್ಟರ್ ಹೂನದ್ದೇ, ಟಾಮ್ ಬೇಕರ್ ಡಾಕ್ಟರ್ ಪಾತ್ರ ಮಾಡ್ತಿದ್ದ ಕಾಲದ್ದು. ನೋವಾ ಅನ್ನೋನು ನಿಧಾನಕ್ಕೆ ಹುಳ ಆಗಿ ಬದಲಾಗ್ತಾನೆ, ಒಂದು ಕೈ ಹಸಿರಾಗಿ ಗುಳ್ಳೆ ಗುಳ್ಳೆ ಎದ್ದಿರುತ್ತೆ, ನಟ ಆ ಕೈಯನ್ನ ಜೇಬಿಗೆ ತುರುಕಿ ಮುಚ್ಚಿಡೋಕೆ ಒದ್ದಾಡೋದು ನಿಜಕ್ಕೂ ಚೆನ್ನಾಗಿ ಮಾಡಿದ್ದಾನೆ, ಹೊಟ್ಟೆ ತೊಳಸುತ್ತೆ. ಆ ಗುಳ್ಳೆಗಳನ್ನ ಈಗ ನೋಡಿ. ಎಲ್ಲಾ ಒಂದೇ ಸೈಜು, ಎಲ್ಲಾ ಸಾಲಾಗಿ, ಒಂದು ಸಾಲಿನ ಗುಳ್ಳೆ ಪಕ್ಕದ ಸಾಲಿನ ಎರಡು ಗುಳ್ಳೆ ಮಧ್ಯಕ್ಕೆ ಕರೆಕ್ಟಾಗಿ ಕೂತಿರುತ್ತೆ. ಯಾವ ಚರ್ಮರೋಗನೂ ಇಷ್ಟು ಶಿಸ್ತಾಗಿ ಬರಲ್ಲ ಸ್ವಾಮಿ, ಅದು ಹಸಿರು ಬಣ್ಣ ಬಳಿದ ಬಬಲ್ ರ‍್ಯಾಪ್! ಇವತ್ತು ಆನ್‌ಲೈನ್ ಆರ್ಡರ್ ಮಾಡಿದ ಪ್ರತಿ ಡಬ್ಬದಲ್ಲೂ ಬರೋದ್ರಿಂದ ಸಣ್ಣ ಮಕ್ಕಳೂ ಒಂದೇ ಸೆಕೆಂಡಲ್ಲಿ ಹೇಳ್ಬಿಡ್ತಾರೆ, ಆದ್ರೆ ಆವತ್ತಿನ ಬ್ರಿಟನ್ನಿನ ಮನೆಗಳಿಗೆ ಅದು ಇನ್ನೂ ಅಷ್ಟು ಪರಿಚಯ ಇರ್ಲಿಲ್ಲ. ಬಬಲ್ ರ‍್ಯಾಪ್ ಹುಟ್ಟಿದ್ದೇ 1957ರಲ್ಲಿ ನ್ಯೂಜೆರ್ಸೀಲಿ, ಅದೂ ಗೋಡೆಗೆ ಅಂಟಿಸೋ ವಾಲ್‌ಪೇಪರ್ ಮಾಡೋಕೆ ಹೋಗಿ. ಇಲ್ಲಿಂದ ಒಂದು ರೂಲ್ ಸಿಗುತ್ತೆ: ಜೀವ ಇರೋದು ಅಂತ ತೋರಿಸ್ತಿರೋ ವಸ್ತುವಲ್ಲಿ ಒಂದೇ ಅಳತೆ ಪದೇ ಪದೇ ಬಂದ್ರೆ ಅದು ಫ್ಯಾಕ್ಟರಿ ಮಾಲು.

ನಮ್ಮೋರಿಗೆ ಇಲ್ಲಿ ಒಂದು ಎಕ್ಸ್‌ಟ್ರಾ ಕಷ್ಟ ಇದೆ, ಅದನ್ನ ಇಂಗ್ಲಿಷ್ ಗೈಡ್‌ಗಳು ಯಾವುವೂ ಹೇಳಲ್ಲ. ಈ ಸೀರಿಯಲ್‌ಗಳೆಲ್ಲ ಲಂಡನ್, ಲಾಸ್ ಏಂಜಲೀಸ್ ಅಡುಗೆಮನೆ ಸಾಮಾನಿಂದ ಮಾಡಿದ್ದು, ನಾವು ಬೆಳೆದಿದ್ದು ಉಪ್ಪಿನ ಭರಣಿ, ಒಗ್ಗರಣೆ ಸೌಟು, ಈಳಿಗೆ ಮಣೆ ಮಧ್ಯ. ಥಂಡರ್‌ಬರ್ಡ್ಸ್ ಅಂತ 1965ರ ಬ್ರಿಟಿಷ್ ಗೊಂಬೆ ಸೀರಿಯಲ್ ಇದೆ, ಅದರಲ್ಲಿ ಥಂಡರ್‌ಬರ್ಡ್ 1 ರಾಕೆಟ್ ನಿಲ್ಲೋ ಹ್ಯಾಂಗರ್ ಗೋಡೆ ಮೇಲೆ ಏನೋ ಗಾಳಿ ಬಿಡೋ ದೊಡ್ಡ ಯಂತ್ರದ ಥರದ್ದು ಕೂತಿದೆ, ಬ್ರಿಟನ್ನಿನೋರು ನೋಡಿದ ತಕ್ಷಣ "ಅರೆ ಲೆಮನ್ ಸ್ಕ್ವೀಜರ್" ಅಂತಾರೆ, ನಮಗೆ ಹೊಳೆಯೋದೇ ಇಲ್ಲ. ಯಾಕಂದ್ರೆ ನಮ್ಮನೆ ನಿಂಬೆಹಣ್ಣು ಹಿಂಡೋದು ಎರಡು ಹಿಡಿ ಇಟ್ಟು ಒತ್ತೋ ಅಲ್ಯೂಮಿನಿಯಂದು, ಅವರದ್ದು ಬಟ್ಟಲು ಮಧ್ಯ ಗೀರು ಗೀರಿನ ಗುಮ್ಮಟ, ಹಣ್ಣನ್ನ ಅದರ ಮೇಲೆ ಇಟ್ಟು ತಿರುಗಿಸೋದು. ಹಾಗಾಗಿ ಆ ದೇಶದ ಹಳೇ ಅಡುಗೆ ಪುಸ್ತಕ, ಹಳೇ ಪತ್ರಿಕೆ ಜಾಹೀರಾತು, ಪಿಂಟ್ರೆಸ್ಟ್‌ನಲ್ಲಿ ಜನ ಹಾಕೋ ಹಳೇ ಕಿಚನ್ ಫೋಟೋ ಎಲ್ಲ ಸುಮ್ನೆ ತಿರುವಿ ಹಾಕ್ತಾ ಇರಿ, ಕಣ್ಣಿಗೆ ಒಂದು ಸ್ಟಾಕ್ ಬೇಕು. ಯುಕೆನಲ್ಲೋ ಅಮೆರಿಕದಲ್ಲೋ ಇರೋ ಚಿಕ್ಕಪ್ಪನೋ ಅತ್ತೆ ಮಗಳೋ ಇದ್ರೆ ಸ್ಕ್ರೀನ್‌ಶಾಟ್ ವಾಟ್ಸಾಪ್ ಮಾಡಿ, ಅಲ್ಲಿನ ಹಳೇ ನೆರೆಹೊರೆಯೋರಿಗೆ ತೋರಿಸೋಕೆ ಹೇಳಿ, ಬಹಳ ಸಲ ಅಲ್ಲೇ ಉತ್ತರ ಸಿಗುತ್ತೆ.

ಗೊಂಬೆ, ಮಾಡೆಲ್ ಇರೋ ಸೀರಿಯಲ್‌ನಲ್ಲಿ ಅಳತೆ ತಪ್ಪಿಸೋದೇ ದೊಡ್ಡ ಟ್ರಿಕ್ಕು. ಸ್ಪೇಸ್‌ಶಿಪ್ ಮೈಮೇಲೆ ಕಿಕ್ಕಿರಿದಿರೋ ಪೈಪು, ಚಕ್ರ, ಬಾಕ್ಸು ಎಲ್ಲ ಅಂಗಡೀಲಿ ಸಿಗೋ ಟ್ಯಾಂಕು, ವಿಮಾನದ ಪ್ಲಾಸ್ಟಿಕ್ ಮಾಡೆಲ್ ಕಿಟ್‌ಗಳ ಪಾರ್ಟು, ತಂದು ಅಂಟಿಸಿರೋದು ಅಷ್ಟೇ. ಇದನ್ನ ಒಂದೊಂದಾಗಿ ಯಾವ ಕಿಟ್‌ನ ಯಾವ ಪಾರ್ಟ್ ಅಂತ ಹೇಳೋ ಮಹಾನುಭಾವರು ಇದ್ದಾರೆ, ಅದು ಬೇರೆಯೇ ಲೆವೆಲ್, ನನ್ನ ಕೈಲಿ ಆಗಲ್ಲ.

ಪೀಠೋಪಕರಣದ ವಿಷಯ ಬಂದ್ರೆ ಕೆಲಸ ಸುಲಭ, ಯಾಕಂದ್ರೆ ಕುರ್ಚಿಗೆ ಡಿಸೈನರ್ ಹೆಸರು, ಇಸವಿ ಎಲ್ಲ ದಾಖಲೆ ಇರುತ್ತೆ. ಸ್ಟಾರ್ ಟ್ರೆಕ್‌ನ ಎಂಟರ್‌ಪ್ರೈಸ್ ಅನ್ನೋ ಸ್ಪೇಸ್‌ಶಿಪ್‌ನ ಬ್ರಿಡ್ಜಲ್ಲಿ, ಅಂದ್ರೆ ಕಂಟ್ರೋಲ್ ರೂಮಲ್ಲಿರೋ ಒಂಟಿ ಕಾಲಿನ ಕುರ್ಚಿಗಳನ್ನ ನೋಡಿ ಬಹಳ ಜನ ಈರೋ ಸಾರಿನೆನ್‌ನ ಟುಲಿಪ್ ಚೇರ್ ಅಂತಾರೆ. ಅಲ್ಲ. ಅದೇ ಥರ ಬರ್ಕ್ ಅನ್ನೋ ಇನ್ನೊಂದು ಕಂಪನಿ ಮಾಡ್ತಿದ್ದಿದ್ದು. ಗುರ್ತು ಹಿಡಿಯೋದು ಬುಡ ನೋಡಿ: ಸಾರಿನೆನ್‌ದು ದುಂಡನೆ ತಟ್ಟೆ ಥರ ನೆಲಕ್ಕೆ ಹರಡ್ಕೊಂಡಿರುತ್ತೆ, ಬರ್ಕ್‌ದು ಪ್ರೊಪೆಲ್ಲರ್ ಥರ ಕಾಲು ಚಾಚಿರುತ್ತೆ. 1967ರ ದಿ ಪ್ರಿಸನರ್‌ನಲ್ಲಿ ನಂಬರ್ ಟೂ ಅನ್ನೋ ಪಾತ್ರ ಕೂರೋ ದುಂಡನೆ ಗೋಳದಂಥ ಕುರ್ಚಿ ಏರೋ ಆರ್ನಿಯೋ ಅನ್ನೋ ಫಿನ್‌ಲೆಂಡ್ ಡಿಸೈನರ್ ಮಾಡಿದ ಬಾಲ್ ಚೇರ್, ಅದು ಇವತ್ತಿಗೂ ದುಡ್ಡಿದ್ದೋರ ಮನೇಲಿ ಕಾಣುತ್ತೆ. ಅದೇ ಸೀರಿಯಲ್‌ನಲ್ಲಿ ತಪ್ಪಿಸ್ಕೊಂಡು ಓಡೋರನ್ನ ಅಟ್ಟಿಸ್ಕೊಂಡು ಹೋಗಿ ಉಸಿರುಗಟ್ಟಿಸೋ ಬಿಳಿ ಗುಂಡು ಇದೆಯಲ್ಲ ರೋವರ್ ಅಂತ, ಅದು ಹವಾಮಾನ ಇಲಾಖೆಯೋರು ಹಾರಿಸೋ ಬಲೂನು. ಮೊದಲು ಗಾಡಿ ಥರದ ಯಂತ್ರ ಮಾಡಿಸಿದ್ರು, ಅದು ಕೈಕೊಡ್ತು, ಬಲೂನು ಬಂತು. ಅದೃಷ್ಟ ಅಂದ್ರೆ ಇದು, ಆ ಯಂತ್ರ ಸರಿಯಾಗಿ ಓಡಿದ್ರೆ ಇವತ್ತು ಯಾರೂ ನೆನಪಿಟ್ಕೊಳ್ತಿರ್ಲಿಲ್ಲ.

ಲೈಟ್ ಮಿಣುಕೋ ದೊಡ್ಡ ಕಂಪ್ಯೂಟರ್ ಗೋಡೆ ಕಂಡ್ರೆ ಅದು ಸೆಟ್ ಬಡಗಿ ಮಾಡಿದ್ದು ಅಂತ ಅಂದ್ಕೊಳ್ಬೇಡಿ, ಸುಮಾರು ಸಲ ಅಸಲಿ ಕಂಪ್ಯೂಟರೇ ಆಗಿರುತ್ತೆ. ಅಮೆರಿಕದ ಏರ್‌ಫೋರ್ಸ್ ಐವತ್ತರ ದಶಕದಲ್ಲಿ ಐಬಿಎಂ ಕೈಲಿ ಮಾಡಿಸಿದ ಎಎನ್/ಎಫ್‌ಎಸ್‌ಕ್ಯೂ-7 ಅನ್ನೋ ರಾಕ್ಷಸ ಮಿಷಿನ್, ಒಂದೊಂದು 250 ಟನ್ ತೂಕ, 49,000ದಷ್ಟು ವ್ಯಾಕ್ಯೂಮ್ ಟ್ಯೂಬು. ಅದರ ಪ್ಯಾನೆಲ್‌ಗಳು ಸರ್ಪ್ಲಸ್ ಆಗಿ ಹಾಲಿವುಡ್‌ಗೆ ಬಂದು 1966ರ ದಿ ಟೈಮ್ ಟನೆಲ್‌ನಿಂದ ಹಿಡಿದು ಲೆಕ್ಕವಿಲ್ಲದಷ್ಟು ಕಡೆ ನಟಿಸಿವೆ. ಬರೋಸ್ ಬಿ205 ಅನ್ನೋ ಇನ್ನೊಂದು ಕಂಪ್ಯೂಟರ್ ಲಾಸ್ಟ್ ಇನ್ ಸ್ಪೇಸ್‌ನಲ್ಲೂ ಇದೆ, ಬ್ಯಾಟ್‌ಮನ್ ಗುಹೇಲೂ ಇದೆ. ಇವನ್ನ ಗುರ್ತಿಸೋಕೆ ಲೈಟುಗಳ ಜೋಡಣೆ ನೋಡಿ, ಎಷ್ಟು ಸಾಲು, ಸಾಲಿಗೆ ಎಷ್ಟು ಬಲ್ಬು, ಅದು ಎಲ್ಲಿ ಹೋದ್ರೂ ಬದಲಾಗಲ್ಲ. ಹಾಗೇ ಒಂದು ವಸ್ತು ಯಾವುದೋ ಸೀರಿಯಲ್‌ಗೆ ಹೊಸದಾಗಿ ಮಾಡಿದ್ದಾ ಇಲ್ಲಾ ಬಾಡಿಗೆ ಗೋಡೌನಿಂದ ಬಂದಿದ್ದಾ ಅನ್ನೋದನ್ನೂ ಯೋಚಿಸಿ. 2002ರ ಫೈರ್‌ಫ್ಲೈನಲ್ಲಿ ಸರ್ಕಾರಿ ಸೈನಿಕರು ಹಾಕಿರೋ ಕವಚ 1997ರ ಸ್ಟಾರ್‌ಶಿಪ್ ಟ್ರೂಪರ್ಸ್ ಸಿನಿಮಾದ್ದು. ನೀವು ಅದರ ಮೂಲ ಅಂಗಡಿ ಹುಡುಕ್ತಾ ಕೂತ್ರೆ ಸಿಗಲ್ಲ, ಹಿಂದಿನ ಸಿನಿಮಾ ಹುಡುಕ್ಬೇಕು.

ಬಾಟಲಿಗಳು ಪಾಪ ಬೇಗ ಸಿಕ್ಕಿಬೀಳ್ತವೆ. ಸ್ಟಾರ್ ಟ್ರೆಕ್‌ನ ಸಾರಿಯನ್ ಬ್ರಾಂಡಿ ಅಂತ ಬಾಗಿದ ಕೊಂಬಿನ ಥರದ ಬಾಟಲಿ ಇದೆಯಲ್ಲ, ಅದು 1964ರಲ್ಲಿ ಜಾರ್ಜ್ ಡಿಕಲ್ ಅನ್ನೋ ಟೆನೆಸ್ಸೀ ವಿಸ್ಕಿ ಕಂಪನಿ ಬಿಟ್ಟ ಸ್ಪೆಷಲ್ ಬಾಟಲಿ, ಹಳೇ ಕಾಲದ ಮದ್ದಿನ ಕೊಂಬಿನ ಆಕಾರ. ಎಣ್ಣೆ ಬಾಟಲಿ ಎಣ್ಣೆ ಬಾಟಲಿಯಾಗೇ ನಟಿಸಿದೆ, ಗ್ರಹ ಮಾತ್ರ ಬೇರೆ.

ಈಗ ಒಂದು ಎಚ್ಚರಿಕೆ. ಇದರ ಹುಚ್ಚು ಹಿಡಿದ್ಮೇಲೆ ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ ಅನ್ನೋ ಹಾಗೆ ಎಲ್ಲಾ ಪ್ರಾಪ್‌ನಲ್ಲೂ ಮಿಕ್ಸಿ ಜಾರ್ ಕಾಣೋಕೆ ಶುರುವಾಗುತ್ತೆ. 1987ರಲ್ಲಿ ಬಂದ ಹೊಸ ಸ್ಟಾರ್ ಟ್ರೆಕ್‌ನ ಮೊದಮೊದಲ ಫೇಸರ್ ಗನ್ನಿಗೆ ಡಸ್ಟ್‌ಬಸ್ಟರ್ ಅಂತಾನೇ ಅಡ್ಡಹೆಸರು, ಕೈಯಲ್ಲಿ ಹಿಡ್ಕೊಂಡು ಕಸ ಎಳೆಯೋ ಸಣ್ಣ ವ್ಯಾಕ್ಯೂಮ್ ಕ್ಲೀನರ್ ಥರ ಕಾಣುತ್ತೆ ಅಂತ. ಆದ್ರೆ ಅದು ವ್ಯಾಕ್ಯೂಮ್ ಕ್ಲೀನರ್ ಅಲ್ಲ, ಪ್ರಾಪ್ ಆಗೇ ಮಾಡಿದ್ದು, ಹೋಲಿಕೆ ಅಷ್ಟೇ. ಅದೇ ಸೀರಿಯಲ್‌ನಲ್ಲಿ ಕಣ್ಣು ಕಾಣದ ಇಂಜಿನಿಯರ್ ಜಾರ್ಡಿ ಮುಖಕ್ಕೆ ಹಾಕೋ ವೈಸರ್ ಇನ್ನೊಂದು ಥರ: ಹೆಂಗಸರು ಕೂದಲಿಗೆ ಹಾಕೋ ಕ್ಲಿಪ್ಪಿಂದ ಐಡಿಯಾ ಹುಟ್ಟಿದ್ದು ನಿಜ, ಆಮೇಲೆ ಸ್ಕ್ರೀನ್ ಮೇಲೆ ಬಂದಿದ್ದು ಬೇರೆಯಾಗಿ ತಯಾರಾಗಿದ್ದು. ಸಿನಿಮಾದಿಂದ ಒಂದು ಉದಾಹರಣೆ ಕೊಡೋದಾದ್ರೆ 1999ರ ಸ್ಟಾರ್ ವಾರ್ಸ್‌ನಲ್ಲಿ ಕ್ವಿ-ಗಾನ್ ಮಾತಾಡೋ ಕಮ್ಯುನಿಕೇಟರ್ ಜಿಲೆಟ್ ಕಂಪನಿಯ ಲೇಡೀಸ್ ರೇಜರ್ ಹಿಡಿಯಿಂದ ಅಚ್ಚು ತೆಗೆದು ರೆಸಿನ್‌ನಲ್ಲಿ ಎರೆದಿದ್ದು. ಅಂದ್ರೆ ಅಸಲಿ ವಸ್ತು, ಅದರ ಅಚ್ಚು, ಅದರಿಂದ ಬಂದ ಐಡಿಯಾ, ಬರೀ ಹೋಲಿಕೆ, ಇವು ನಾಲ್ಕೂ ಬೇರೆ ಬೇರೆ, ಬರೆಯುವಾಗ ಯಾವುದು ಅಂತ ಸರಿಯಾಗಿ ಬರೀರಿ. ನನ್ನ ಪ್ರಕಾರ ಕನಿಷ್ಠ ಮೂರು ಸಣ್ಣ ವಿವರ, ಅಂದ್ರೆ ತೂತಿನ ಲೆಕ್ಕ, ಗೆರೆ ಇರೋ ಜಾಗ, ಉದ್ದ ಅಗಲದ ಪ್ರಮಾಣ, ಇಂಥವು ತಾಳೆ ಆಗೋವರೆಗೂ "ಸಿಕ್ತು" ಅನ್ನಬಾರದು. ಒಟ್ಟಾರೆ ಆಕಾರ ಒಂದೇ ಅನ್ನೋದು ಸಾಕ್ಷಿ ಅಲ್ಲ.

ಸಣ್ಣ ವಿವರ ಎಷ್ಟು ಕೆಲಸ ಮಾಡುತ್ತೆ ಅನ್ನೋದಕ್ಕೆ 1977ರ ಸ್ಟಾರ್ ವಾರ್ಸ್‌ನಲ್ಲಿ ಲ್ಯೂಕ್ ಹಿಡಿಯೋ ಲೈಟ್‌ಸೇಬರ್ ಅನ್ನೋ ಬೆಳಕಿನ ಕತ್ತಿ ನೋಡಿ. ಅದರ ಹಿಡಿ ಗ್ರಾಫ್ಲೆಕ್ಸ್ ಅನ್ನೋ ಹಳೇ ಪ್ರೆಸ್ ಕ್ಯಾಮೆರಾದ ಫ್ಲಾಶ್ ಹಿಡಿ, ಸೆಟ್ ಡೆಕೊರೇಟರ್ ರೋಜರ್ ಕ್ರಿಶ್ಚಿಯನ್ ಲಂಡನ್ನಿನ ಒಂದು ಫೋಟೋ ಅಂಗಡೀಲಿ ಡಬ್ಬದೊಳಗೆ ಬಿದ್ದಿದ್ದನ್ನ ಹುಡುಕಿದ್ರು. ಅದರ ಮೇಲೆ ಸಾಲಾಗಿ ಗಾಜಿನ ಹನಿ ಥರದ ಗುಳ್ಳೆ ಇರೋ ಒಂದು ಸಣ್ಣ ಪಟ್ಟಿ ಇದೆ, ಅದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕ್ಯಾಲ್ಕುಲೇಟರ್‌ನ ಡಿಸ್‌ಪ್ಲೇ ಲೆನ್ಸು. ಆಗಿನ ಕ್ಯಾಲ್ಕುಲೇಟರ್‌ನಲ್ಲಿ ಎಲ್‌ಇಡಿ ಅಂಕಿಗಳು ತೀರಾ ಸಣ್ಣವು, ಅವನ್ನ ದೊಡ್ಡದಾಗಿ ಕಾಣಿಸೋಕೆ ಅಂಕಿಗೊಂದು ಗುಳ್ಳೆ ಇರ್ತಿತ್ತು. ಇದು ಗೊತ್ತಿದ್ದೋನಿಗೆ ಮಾತ್ರ ಆ ಪಟ್ಟಿ ಏನು ಅಂತ ಹೊಳೆಯೋಕೆ ಸಾಧ್ಯ.

ಹುಡುಕೋ ವಿಧಾನ ದೊಡ್ಡದೇನಲ್ಲ. ಪ್ರಾಪನ್ನ ಮಾತ್ರ ಕಟ್ ಮಾಡಿ ಗೂಗಲ್ ಲೆನ್ಸಿಗೆ ಹಾಕಿ, ನಟನ ಮುಖ ಫ್ರೇಮಲ್ಲಿ ಬಿಟ್ರೆ ಲೆನ್ಸ್ ಸೀದಾ ಸೀರಿಯಲ್ ಹೆಸರು ಹೇಳಿ ಕೂತ್ಕೊಳ್ಳುತ್ತೆ, ಅದು ನಮಗೆ ಬೇಡ. ಒಂದೇ ಫ್ರೇಮ್ ಸಾಲಲ್ಲ, ಅದೇ ವಸ್ತು ಬೇರೆ ಎಪಿಸೋಡಲ್ಲಿ ಬೇರೆ ಕೋನದಿಂದ ಬಂದಿರುತ್ತೆ, ಎಪಿಸೋಡ್ ನಂಬರು, ನಿಮಿಷ, ಸೆಕೆಂಡ್ ಬರ್ಕೊಳ್ಳಿ, ಇಲ್ದಿದ್ರೆ ಆಮೇಲೆ ಹುಡುಕೋಕೆ ಹೋಗಿ ತಲೆ ಕೆಡುತ್ತೆ. ಹರಾಜು ಕ್ಯಾಟಲಾಗ್‌ಗಳು ಬಂಗಾರ: 2006ರ ಅಕ್ಟೋಬರ್‌ನಲ್ಲಿ ಕ್ರಿಸ್ಟೀಸ್‌ನೋರು ನ್ಯೂಯಾರ್ಕಲ್ಲಿ ಸ್ಟಾರ್ ಟ್ರೆಕ್ ಸಾಮಾನುಗಳ ದೊಡ್ಡ ಹರಾಜು ಮಾಡಿದ್ರು, ಇಂಥ ಹರಾಜಿನ ಫೋಟೋಗಳಲ್ಲಿ ಟಿವೀಲಿ ಯಾವತ್ತೂ ಕಾಣದ ಕೋನ ಕಾಣುತ್ತೆ, ಬಣ್ಣ ಎದ್ದು ಹೋಗಿರೋ ಜಾಗ ಕಾಣುತ್ತೆ. ಇದೆಲ್ಲ ಆಗಿಲ್ಲ ಅಂದ್ರೆ ಗೂಗಲ್ ಪೇಟೆಂಟ್ಸ್. ಮನೆ ಸಾಮಾನಿನ ಡಿಸೈನ್ ಪೇಟೆಂಟಲ್ಲಿ ಎಲ್ಲಾ ಕಡೆಯಿಂದ್ಲೂ ಗೆರೆ ಚಿತ್ರ ಇರುತ್ತೆ, ಬಣ್ಣದ ಕಾಟ ಇಲ್ಲ, ಸ್ಕ್ರೀನ್‌ಶಾಟ್ ಪಕ್ಕ ಇಟ್ಟು ನೋಡೋಕೆ ಬಹಳ ಚೆನ್ನ, ಯಾಕೋ ಇದನ್ನ ಬಳಸೋರೇ ಕಮ್ಮಿ.

ಕೆಲವು ಸಲ ಸೀರಿಯಲ್‌ನೋರೇ ಈ ಆಟಕ್ಕೆ ಸೇರ್ಕೊಳ್ತಾರೆ. 1980ರ ಸ್ಟಾರ್ ವಾರ್ಸ್ ಸಿನಿಮಾದಲ್ಲಿ ಮೋಡದ ಊರು ಖಾಲಿ ಮಾಡ್ಬೇಕು ಅಂತ ಜನ ಎದ್ದು ಬಿದ್ದು ಓಡುವಾಗ ಕಿತ್ತಳೆ ಬಟ್ಟೆ ಹಾಕ್ಕೊಂಡ ಒಬ್ಬ ಮನುಷ್ಯ ಕಂಕುಳಲ್ಲಿ ಒಂದು ಬಿಳಿ ಡಬ್ಬ ಅವಚ್ಕೊಂಡು ಓಡ್ತಾನೆ, ಒಂದೆರಡು ಸೆಕೆಂಡು ಅಷ್ಟೇ. ಅದು ಐಸ್‌ಕ್ರೀಮ್ ಮಾಡೋ ಮಿಷಿನ್. ಅಭಿಮಾನಿಗಳು ಅದನ್ನ ಗುರ್ತು ಹಿಡಿದು, ಅವನ ವೇಷ ಹಾಕ್ಕೊಂಡು, ಅಂಥದ್ದೇ ಮಿಷಿನ್ ಹೊತ್ಕೊಂಡು ಕನ್ವೆನ್ಷನ್‌ಗಳಲ್ಲಿ ಗುಂಪುಗುಂಪಾಗಿ ಓಡೋಕೆ ಶುರು ಮಾಡಿದ್ರು, ಕೊನೆಗೆ 2019ರಲ್ಲಿ ದಿ ಮ್ಯಾಂಡಲೋರಿಯನ್ ಸೀರಿಯಲ್ ಬಂದಾಗ ಅದೇ ಡಬ್ಬಕ್ಕೆ ಕ್ಯಾಮ್ಟೋನೋ ಅಂತ ಹೆಸರಿಟ್ಟು ಅದರೊಳಗೆ ಬೆಲೆಬಾಳೋ ಲೋಹದ ಗಟ್ಟಿ ತುಂಬಿಸಿ ಹೀರೋಗೆ ಸಂಭಾವನೆ ಕೊಡಿಸಿದ್ರು. ಹಾಗಾಗಿ ಹೊಸ ಸೀರಿಯಲ್‌ನಲ್ಲಿ ಮನೆ ಸಾಮಾನು ರಾಜಾರೋಷವಾಗಿ ಕಂಡ್ರೆ ಅದು ದುಡ್ಡಿಲ್ಲದೆ ಮಾಡಿದ್ದಲ್ಲ, ಗೊತ್ತಿದ್ದೋರಿಗೆ ಕಣ್ಣು ಹೊಡೆಯೋಕೆ ಮಾಡಿದ್ದು.

ಅಂದ ಹಾಗೆ ಮ್ಯೂಟ್ ಮಾಡಿ ಅಂದೆನಲ್ಲ, ಒಂದ್ಸಲ ಅನ್‌ಮ್ಯೂಟ್ ಕೂಡ ಮಾಡಿ. ಡಾಕ್ಟರ್ ಹೂನ ಟಾರ್ಡಿಸ್ ಅನ್ನೋ ಟೈಮ್ ಮಿಷಿನ್ ಹೊರಡುವಾಗ ಘರ‍್ರ್ ಘರ‍್ರ್ ಅಂತ ಉಸಿರೆಳೆಯೋ ಸೌಂಡ್ ಬರುತ್ತಲ್ಲ, ಬಿಬಿಸಿಯ ಬ್ರಯನ್ ಹಾಡ್ಜ್‌ಸನ್ ಅದನ್ನ ಮಾಡಿದ್ದು ಹಳೇ ಪಿಯಾನೋದ ದಪ್ಪ ತಂತಿ ಮೇಲೆ ಅವರಮ್ಮನ ಮನೆ ಬೀಗದ ಕೈ ಎಳೆದು, ಆಮೇಲೆ ಟೇಪಲ್ಲಿ ಅದನ್ನ ತಿದ್ದಿ ತೀಡಿ. ಬೀಗದ ಕೈ ಸ್ಕ್ರೀನಲ್ಲಿ ಎಲ್ಲೂ ಕಾಣಲ್ಲ, ಹುಡುಕ್ಬೇಡಿ.

ಕೊನೇದು, ಪತ್ತೆ ಹಚ್ಚಿದ್ಮೇಲೆ ಒಂದು ಪೀಸ್ ನಮ್ಮನೇಲೂ ಇರ್ಲಿ ಅನ್ಸುತ್ತೆ, ಸಹಜ. ಲೈಟ್‌ಸೇಬರ್ ಸುದ್ದಿ ಹರಡಿದ್ಮೇಲೆ ಗ್ರಾಫ್ಲೆಕ್ಸ್ ಹಿಡಿಗಳ ರೇಟು ಎಲ್ಲೋ ಹೋಯ್ತು, ಹಳೇ ಕ್ಯಾಮೆರಾ ಜೋಡಿಸೋರಿಗೆ ಇವತ್ತಿಗೂ ಆ ಸಿಟ್ಟಿದೆ. ಅದಕ್ಕೆ ಅಸಲಿ ಹಳೇ ಪೀಸ್ ಕೈಗೆ ಸಿಕ್ರೆ ಕೊರೆಯೋದು, ಬಣ್ಣ ಹೊಡೆಯೋದು ಮಾಡ್ಬೇಡಿ, ಅದಕ್ಕೆಲ್ಲ ರೆಪ್ಲಿಕಾ ಸಿಗುತ್ತೆ. ಮತ್ತೆ ಇ-ಬೇನಲ್ಲೋ ಚೋರ್ ಬಜಾರಲ್ಲೋ ಹುಡುಕುವಾಗ ಸೀರಿಯಲ್ ಹೆಸರು ಮಾತ್ರ ಅಪ್ಪಿತಪ್ಪಿಯೂ ಎತ್ತಬೇಡಿ, ಹಳೇ ಉಪ್ಪಿನ ಶೇಕರ್ ಇದೆಯಾ ಅಂತಷ್ಟೇ ಕೇಳಿ, ಸ್ಟಾರ್ ಟ್ರೆಕ್ ಅಂದ್ರೋ, ಅಲ್ಲೇ ರೇಟಿಗೆ ಇನ್ನೊಂದು ಸೊನ್ನೆ ಸೇರ್ಕೊಳ್ಳುತ್ತೆ.